ಇಂಜಿನ್ ಸರಿಯಾಗಿತ್ತಂತೆ, ಕಿವಿ ಕೆಟ್ಟಿತ್ತಂತೆ

ಆಟದ ವಿಮಾನದ ಇಂಜಿನ್ ಅಂದರೆ ನಗಬೇಡಿ. ಮುಷ್ಟಿಯೊಳಗೆ ಹಿಡಿಸುವ ಅದು ಶುರುವಾದರೆ ಅರ್ಧ ಊರಿಗೆ ಕೇಳಿಸುತ್ತದೆ. ಅದನ್ನು ಟ್ಯೂನ್ ಮಾಡುವುದು ಕಿವಿಯಿಂದಲೇ. ಪಕ್ಕದಲ್ಲೊಂದು ಸಣ್ಣ ತಿರುಪು ಇರುತ್ತದೆ. ಬಿಗಿ ಮಾಡುತ್ತ ಹೋದರೆ ಇಂಧನ ಕಡಿಮೆಯಾಗಿ ಸದ್ದು ಏರುತ್ತದೆ. ಇನ್ನು ಏರಲಾರದು ಅನ್ನಿಸಿದಾಗ ಒಂಚೂರು ಸಡಿಲಿಸಬೇಕು. ಆಮೇಲೆ ವಿಮಾನದ ಮೂತಿಯನ್ನು ಆಕಾಶಕ್ಕೆತ್ತಿ ಹಿಡಿದರೂ ಸದ್ದು ಕುಗ್ಗಬಾರದು. ಕುಗ್ಗಿತೋ, ಮತ್ತೆ ಮೊದಲಿನಿಂದ.

ನನ್ನ ಕಿವಿ ಇದಕ್ಕೆ ಪಳಗಿದ್ದು ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ, ಲೇತ್ ಮುಂದೆ. ಲೋಹ ಕಡೆಯುವ ಟೂಲ್ ಮೊಂಡಾದರೆ ಕಣ್ಣಿಗೆ ಕಾಣುವ ಮೊದಲೇ ನನಗೆ ಕೇಳಿಸುತ್ತಿತ್ತು. ಪಕ್ಕದ ಮೆಷೀನಿನಲ್ಲಿದ್ದ ಚೇಳೂರಿನ ಗೆಳೆಯನಿಗೂ ವಿಮಾನದ ಹುಚ್ಚು. ಭಾನುವಾರ ಬೆಳಗ್ಗೆ ಅವರ ಹೊಲಕ್ಕೆ ಹೋದರೆ, ರಾಗಿ ಕೊಯ್ದ ನೆಲವೇ ನಮ್ಮ ರನ್‌ವೇ. ಹಾರಿಸುವವನು ಅವನು, ಟ್ಯೂನ್ ಮಾಡುವವನು ನಾನು. ಒಂದೇ ತಟ್ಟೆಯಲ್ಲಿ ಉಂಡವರು ನಾವು.

ಒಮ್ಮೆ ಕುಣಿಗಲ್‌ನ ಅತ್ತೆ ಮನೆಯವರಿಗೆ ತೋರಿಸುತ್ತೇನೆ ಅಂತ ನನ್ನ ವಿಮಾನ ಒಯ್ದ. ಫಳಫಳ ಒರೆಸಿ ವಾಪಸ್ ತಂದುಕೊಟ್ಟ. ಮುಂದಿನ ಭಾನುವಾರ ಇಂಜಿನ್ ನನ್ನ ಮಾತೇ ಕೇಳಲಿಲ್ಲ. ಸದ್ದು ಏರುತ್ತಿತ್ತು, ತಟಕ್ಕನೆ ಬೀಳುತ್ತಿತ್ತು.

"ಕುಣಿಗಲ್‌ನಲ್ಲಿ ಚೆನ್ನಾಗೇ ಹಾರ್ತಪ್ಪ," ಅಂದ. "ಇಂಜಿನ್ ಸರಿಯಾಗೈತೆ ಕಣೋ. ನಿನ್ ಕಿವೀನೇ ಮಂದ ಆಗೈತೆ. ಇಷ್ಟು ವರ್ಷ ಮೆಷೀನ್ ಸದ್ದು ಕೇಳಿದ್ರೆ ಇನ್ನೇನಾಯ್ತದೆ?"

ಆ ಮಾತು ಒಳಗೆ ಹೋಗಿ ಕೂತಿತು. ಪ್ರತಿ ಭಾನುವಾರ ಅದೇ ಗೋಳು, ಅದೇ ಮಾತು. ಕೊನೆಗೆ ತಿರುಪನ್ನೂ ಅವನ ಕೈಗೇ ಬಿಟ್ಟೆ. ಲೇತ್ ಮುಂದೆ ನಿಂತರೂ ಅನುಮಾನ. ಚೆನ್ನಾಗಿರುವ ಟೂಲನ್ನೇ ಬಿಚ್ಚಿ ಬಿಚ್ಚಿ ನೋಡುತ್ತಿದ್ದೆ. ಡಾಕ್ಟರ ಹತ್ತಿರ ಹೋಗಲು ಭಯ. ಅವರೂ ಹೌದು ಅಂದುಬಿಟ್ಟರೆ?

"ಕುಕ್ಕರ್ ವಿಶಿಲ್‌ನ ಬೀದೀಲಿ ನಿಂತೇ ಎಣಿಸ್ತೀರ, ನಿಮಗೆಂಥ ಕಿವುಡು?" ಅಂದಳು ಹೆಂಡತಿ. "ನಿಂಗೇನ್ ಗೊತ್ತಾಯ್ತದೆ, ಸುಮ್ಕಿರೇ," ಅಂತ ಅವಳ ಮೇಲೆಯೇ ರೇಗಿದೆ.

ಒಂದು ದಿನ ನಾನೇ ಸೂಪರ್‌ವೈಸರ್ ಹತ್ತಿರ ಹೋಗಿ, ಕಿವಿ ಸರಿಯಿಲ್ಲ, ಪ್ಯಾಕಿಂಗ್‌ಗೆ ಹಾಕಿ ಅಂತ ಕೇಳಿಕೊಂಡೆ. ಲೇತ್ ಬಿಡುವಾಗ ಕಣ್ಣಲ್ಲಿ ನೀರು ಬಂತು. ಗೆಳೆಯ ಪಕ್ಕದಲ್ಲೇ ನಿಂತು, "ಒಳ್ಳೇದಾಯ್ತು ಬುಡು, ಆರಾಮಾಗಿರು," ಅಂತ ಬೆನ್ನು ತಟ್ಟಿದ.

ಆಮೇಲೊಂದು ಭಾನುವಾರ ಮೈ ನಡುಗುವಂಥ ಚಳಿ. ಹೊಲದಲ್ಲಿ ಇಂಜಿನ್‌ಗೆ ಇಂಧನವೇ ಬರಲಿಲ್ಲ. ಅವನು ಬೇಡ ಬೇಡ ಅನ್ನುತ್ತಿದ್ದರೂ ಟ್ಯಾಂಕ್ ಬಿಚ್ಚಿದೆ. ತಳದಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತು, ಕೊಳವೆಯ ಬಾಯಿ ಮುಚ್ಚಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ಕೊಬ್ಬರಿ ಎಣ್ಣೆ!

ಅಯ್ಯೋ ಶಿವನೇ! ಈ ಇಂಜಿನ್ ಓಡುವುದು ಮೆಥನಾಲ್‌ನಿಂದ; ಒಳಗೆ ಸವೆಯದಿರಲಿ ಅಂತ ನಾವು ಅದಕ್ಕೆ ಬೆರೆಸುವುದು ಹರಳೆಣ್ಣೆ. ಅದಾದರೆ ಕರಗಿ ಒಂದಾಗುತ್ತದೆ. ಕೊಬ್ಬರಿ ಎಣ್ಣೆ ಬೇರೆಯೇ ನಿಲ್ಲುತ್ತದೆ, ಇಂಜಿನ್ ಒಣಗಿ ಓಡಿ ಸಾಯುತ್ತದೆ. ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ ಅನ್ನುವ ತೆಂಗಿನ ಸೀಮೆಯವನಲ್ಲದೆ ಬೇರೆ ಯಾರು ಇದನ್ನು ಹುಯ್ಯುತ್ತಾರೆ? ಇಂಜಿನ್ ಬಿಚ್ಚಿದರೆ ಪಿಸ್ಟನ್ ಮೈಯೆಲ್ಲ ಗೀರು. ಸದ್ದು ಬೀಳುತ್ತಿದ್ದದ್ದು ಇದಕ್ಕೇ.

"ಏನ್ಲಾ ಇದು?"

ಅವನ ಮುಖ ಇಂಗು ತಿಂದ ಮಂಗನಂತಾಯಿತು. "ಹರಳೆಣ್ಣೆ ಮುಗ್ದೋಗಿತ್ತು ಕಣೋ. ಅತ್ತೆ ಮನೇಲಿ ಇದ್ದಿದ್ದು ಇದೇ. ಎಣ್ಣೆ ತಾನೆ ಅಂತ ಹುಯ್ದೆ, ಇಂಜಿನ್ ತಿರುಗ್ದಂಗೆ ಹಿಡ್ಕೊಂಬುಡ್ತು. ಹೋಗ್ಲಿ, ಹೊಸದು ತರುಸ್ಕೊಡ್ತೀನಿ ಬುಡು."

"ಇಂಜಿನ್ ಮನೆ ಹಾಳಾಗ! ನಾನು ಲೇತ್ ಬಿಟ್ಟಾಗ ಪಕ್ಕದಲ್ಲೇ ನಿಂತಿದ್ಯಲ್ಲೋ. ಅವತ್ತಾದ್ರೂ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

ಅವನು ತಲೆ ತಗ್ಗಿಸಿದ.

"ಹೇಳಾನ ಅಂತಲೇ ಇದ್ದೆ. ನೀನು ಅಷ್ಟು ಬೇಗ ನಂಬ್ಬುಟ್ಟೆ, ಆಮೇಲೆ ಬಾಯೇ ಬರ್ನಿಲ್ಲ. ತನ್ನ ಕಿವೀನ ತಾನೇ ನಂಬ್ದಿರೋರು ಇರ್ತಾರೇನೋ?"

"ಕಿವಿಗಿಂತ ನಿನ್ನ ನಂಬಿದ್ದೆ ಕಣೋ," ಅಂದೆ.