ನಿಘಂಟಪ್ಪನವರ ಉದ್ದದ ಪದ

ಹಾಜರಿ ಪುಸ್ತಕದಲ್ಲಿ ಬೇರೇನೋ ಹೆಸರಿದ್ದರೂ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆಲ್ಲ ಅವರು ನಿಘಂಟಪ್ಪ. ವಯಸ್ಸು ಐವತ್ತೊಂಬತ್ತು, ಹುದ್ದೆ ಮೇಲ್ವಿಚಾರಕ. ಮನೆಯಲ್ಲಿ, ಗಂಡ ಬಾಯಿ ತೆರೆದೊಡನೆ ಒಲೆಯ ಮೇಲೇನೋ ನೆನಪಾಗಿ ಎದ್ದುಹೋಗುವ ಹೆಂಡತಿ. ತಂದೆಯ ಪತ್ರಗಳನ್ನು ಅರ್ಥ ಮಾಡಿಕೊಳ್ಳುವ ಆಸೆ ಬಿಟ್ಟು ಗಂಡಂದಿರ ಮನೆಗಳಲ್ಲಿ ನೆಮ್ಮದಿಯಾಗಿದ್ದ ಇಬ್ಬರು ಹೆಣ್ಣುಮಕ್ಕಳು.

ದಿನಕ್ಕೊಂದು ಇಂಗ್ಲಿಷ್ ಪದ ಕಲಿಯುವುದು ಅವರ ವ್ರತ. ಬೆಳಗ್ಗೆ ಗಡ್ಡ ಕೆರೆದುಕೊಳ್ಳುತ್ತ, ಕನ್ನಡಿಗೆ ಒರಗಿಸಿದ ನಿಘಂಟಿನಿಂದ ಒಂದನ್ನು ಹೆಕ್ಕಿ, ಸಂಜೆಯೊಳಗೆ ಅದನ್ನು ವಿಭಾಗದ ಹನ್ನೆರಡು ಜನ ಹೆಂಗಸರ ತಲೆಯ ಮೇಲೆ ಸುರಿದು ಹಗುರಾಗುತ್ತಿದ್ದರು. ಕಲಿಯುವುದು ತಪ್ಪಲ್ಲ. ಆದರೆ ಪದಗಳನ್ನು ತೂಗಲು ಅವರ ಬಳಿ ಇದ್ದದ್ದು ಒಂದೇ ತಕ್ಕಡಿ: ಯಾವುದು ಉದ್ದವೋ ಅದೇ ದೊಡ್ಡದು.

"ಸಾರ್, ಯಂತ್ರ ನಿಂತೋಗಿದೆ!" ಎಂದು ಒಬ್ಬಾಕೆ ಕೂಗಿದರೆ,

"ನಿಂತಿಲ್ಲಮ್ಮ. ಇನಾಪರೇಟಿವ್ ಆಗಿದೆ" ಎಂದು ತಿದ್ದುತ್ತಿದ್ದರು.

"ಏನಾದ್ರೂ ಆಗ್ಲಿ ಸಾರ್, ಮೊಣಕಾಲಿಗೆ ನೀರು ಬಂತು!"

ಅಲ್ಲಿ ಇಸ್ತ್ರಿಯ ಮೇಜಿನ ಮುಂದೆ ಆರು ವರ್ಷದಿಂದ ದಿನಗೂಲಿಯ ಮೇಲೆ ನಿಂತಿದ್ದ ಹೆಂಗಸೊಬ್ಬಳಿದ್ದಳು. ಹಬೆಯಲ್ಲಿ ಬೆಂದ ಕೈ, ಮಿತವಾದ ಮಾತು. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವ ಬಟ್ಟೆಗೆ ಬೇರೆ ಯಾರ ಕೈಯೂ ತಾಗಬಾರದೆಂದು ದಾದಿಯರೇ ಹೇಳಿ ಕಳಿಸುತ್ತಿದ್ದರು. ಸಂಜೆ ಅವಳು ರಾತ್ರಿಶಾಲೆಗೆ ಹೋಗಿ ಮಗಳ ವಯಸ್ಸಿನ ಟೀಚರ ಮುಂದೆ ಸ್ಲೇಟು ಹಿಡಿಯುತ್ತಿದ್ದಳು. ಅದು ಮೂರನೆಯ ವರ್ಷ.

ಆ ವರ್ಷ ಒಂದು ಕೆಲಸ ಕಾಯಂ ಆಗುವುದಿತ್ತು. ಅರ್ಹರು ಇಬ್ಬರು: ಇವಳು, ಮತ್ತು ಒಣಗಿದ ಹೊದಿಕೆಗಳ ರಾಶಿಯನ್ನೇ ಹಾಸಿಗೆ ಮಾಡಿಕೊಂಡಿದ್ದ ನಿದ್ದೆಗಣ್ಣಿ. ಮೇಲಿನ ಕಚೇರಿಯವರು ಬಂದು ಯಾರ ಕೈಯನ್ನೂ ನೋಡುವುದಿಲ್ಲ. ಪ್ರತಿಯೊಬ್ಬರ ಕೆಲಸ ಅಳೆಯುವ ನಮೂನೆಯ ಕೊನೆಯ ಚೌಕದಲ್ಲಿ ಮೇಲ್ವಿಚಾರಕ ಒಂದೇ ಒಂದು ಇಂಗ್ಲಿಷ್ ಪದ ಬರೆಯಬೇಕು, ಅವರು ಅದನ್ನೇ ನೋಡುತ್ತಾರೆ.

ನಿಘಂಟಪ್ಪ ಒಂದು ವಾರ ಹುಡುಕಿದರು. ನಿದ್ದೆಗಣ್ಣಿಗೆ "ಗುಡ್" ಎಂದು ಗೀಚಿ ಮುಗಿಸಿದರು. ಇಸ್ತ್ರಿಯವಳಿಗೆ ಮಾತ್ರ ಚೌಕದ ಅಂಚು ಮುಟ್ಟುವಂತೆ ಒತ್ತಿ ಒತ್ತಿ "ಸ್ಯಾಟಿಸ್ಫ್ಯಾಕ್ಟರಿ" ಎಂದು ಬರೆದು, ಅವಳನ್ನು ಕರೆದು ತೋರಿಸಿದರು.

"ನೋಡಮ್ಮ, ಅವಳಿಗೆ ನಾಲ್ಕೇ ಅಕ್ಷರ. ನಿನಗೆ ಹನ್ನೆರಡು! ಕೆಲಸ ನಿನ್ನ ಸೆರಗಿಗೆ ಗಂಟು ಹಾಕಿದ ಹಾಗೆ."

ಆ ಪದದ ಆಕಾರವನ್ನು ಅವಳು ಎಲ್ಲೋ ಕಂಡಿದ್ದಳು. ಸಂಜೆ ಟೀಚರನ್ನು ಕೇಳಿದಳು.

"ಅಕ್ಕಾ, ಲೆಕ್ಕದಲ್ಲಿ ಮೂವತ್ತೆಂಟು ಬಂದಾಗ ನಿಮ್ಮ ಉತ್ತರಪತ್ರಿಕೆ ಮೇಲೆ ನಾನು ಬರೆದದ್ದು ಇದೇ ಅಲ್ವಾ?" ಎಂದರು ಟೀಚರು.

"ಹೌದು. ಅದಕ್ಕೇ ಗುರುತು ಸಿಕ್ತು."

"ಅಷ್ಟೇ ಅದರ ಬೆಲೆ. ಕೆಟ್ಟದ್ದಲ್ಲ, ಹೇಗೋ ದಾಟಿದ್ದಾರೆ ಅಂತ. ಕಚೇರಿಯಲ್ಲಿ ಗುಡ್ ಅನ್ನೋದು ಇದಕ್ಕಿಂತ ಒಂದು ಮೆಟ್ಟಿಲು ಮೇಲೆ."

ಮರುದಿನ ಅವಳು ಮೇಲ್ವಿಚಾರಕರ ಮೇಜಿನ ಮುಂದೆ ನಿಂತು ಟೀಚರ ಮಾತನ್ನು ಯಥಾವತ್ತಾಗಿ ಹೇಳಿದಳು. ನಿಘಂಟಪ್ಪ ನಿಘಂಟನ್ನೇ ತೆರೆದು ಅವಳತ್ತ ತಿರುಗಿಸಿದರು.

"ಓದು. ತೃಪ್ತಿಕರ! ತೃಪ್ತಿಗಿಂತ ದೊಡ್ಡದು ಲೋಕದಲ್ಲಿ ಏನಿದೆಯಮ್ಮ?"

"ಅರ್ಥ ಸರಿ ಸಾರ್. ಅದನ್ನ ಯಾರಿಗೆ, ಯಾವಾಗ ಹೇಳ್ತಾರೆ ಅನ್ನೋದು ಈ ಪುಸ್ತಕದಲ್ಲಿಲ್ಲ."

"ನಿನ್ನೆ ಸ್ಲೇಟು ಹಿಡಿದವಳು ಮೂವತ್ತು ವರ್ಷ ನಿಘಂಟು ಹಿಡಿದವನಿಗೆ ಪಾಠ ಹೇಳ್ತೀಯಾ?"

"ಪಾಠ ಅಲ್ಲ ಸಾರ್. ನನ್ನ ಅನ್ನ."

ತಿದ್ದಬೇಕಾದರೆ ತಾವು ತಪ್ಪಿದೆವೆಂದು ಅವರು ಮೇಲಕ್ಕೆ ಬರೆಯಬೇಕಿತ್ತು. ಅಷ್ಟು ಸಣ್ಣ ವಾಕ್ಯ ಬರೆದು ಅವರಿಗೆ ಅಭ್ಯಾಸವಿರಲಿಲ್ಲ.

ಆಕ್ಷೇಪಣೆಗೆ ಹತ್ತು ದಿನದ ಗಡುವಿತ್ತು. ಅವಳು ತಾನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಅರ್ಜಿ ಬರೆದಳು: ಮೇಲ್ವಿಚಾರಕರು ನನ್ನ ಕೆಲಸ ಒಳ್ಳೆಯದೆಂದು ಹೇಳಲು ಹೊರಟು ಬೇರೆ ಪದ ಬಳಸಿದ್ದಾರೆ, ದಯವಿಟ್ಟು ಅವರನ್ನೇ ಕೇಳಿ. ಟೀಚರು ತಿದ್ದಿದ್ದು ಒಂದೇ ಕಡೆ. ಆದರೆ ದಿನಗೂಲಿಯವರ ಅರ್ಜಿ ಮೇಲ್ವಿಚಾರಕರ ಸಹಿಯಿಲ್ಲದೆ ಮೇಲಿನ ಕಚೇರಿಯ ಹೊಸಿಲು ದಾಟದು. ಹೀಗೆ ಕಳ್ಳನ ಕೈಗೇ ಬೀಗದ ಕೈ ಕೊಡಬೇಕಾಯಿತು.

ನಿಘಂಟಪ್ಪ ಅರ್ಜಿ ಓದಿದರು, ಕಿವಿ ಕೆಂಪಾಯಿತು. ಅದನ್ನು ಹರಿಯುವಷ್ಟು ದುಷ್ಟರಲ್ಲ, ಸಹಿ ಹಾಕುವಷ್ಟು ಗಂಡಸೂ ಅಲ್ಲ. ಮೇಜಿನ ಖಾನೆ ಎಳೆದು ಒಳಗಿಟ್ಟರು. ಅವಳು ದಿನವೂ ಕೇಳಿದಳು.

"ಅಂಡರ್ ಕನ್ಸಿಡರೇಷನ್ ಇದೆಯಮ್ಮ."

"ಇನ್ನು ಮೂರು ದಿನ ಸಾರ್."

"ಆತುರಗಾರನಿಗೆ ಬುದ್ಧಿ ಮಟ್ಟ."

"ನಿಧಾನಸ್ಥರಿಗೆ ಸಂಬಳ ಬರ್ತದೆ ಸಾರ್. ನನಗೆ ಗಡುವು ಬರ್ತದೆ."

ಹಬೆಯ ಹಿಂದೆ ಹೆಂಗಸರು ನಕ್ಕರು. ಖಾನೆ ತೆರೆಯಲಿಲ್ಲ. ಹನ್ನೊಂದನೆಯ ದಿನ ನಿದ್ದೆಗಣ್ಣಿಗೆ ಕಾಯಂ ಆದೇಶ ಬಂತು. ಅದನ್ನು ಕೊಡಲು ಅವಳನ್ನು ಎಬ್ಬಿಸಬೇಕಾಯಿತು.

ಎರಡು ತಿಂಗಳ ನಂತರ ನಿಘಂಟಪ್ಪ ನಿವೃತ್ತರಾದರು. ಬೀಳ್ಕೊಡುಗೆಯ ಭಾಷಣದಲ್ಲಿ ಹದಿನೇಳು ಉದ್ದದ ಪದಗಳಿದ್ದವೆಂದು ಎಣಿಸಿದವರು ಹೇಳುತ್ತಾರೆ. ಇಸ್ತ್ರಿಯವಳು ಆ ಹೊತ್ತಿನಲ್ಲಿ ಬಟ್ಟೆ ಮಡಚುತ್ತಿದ್ದಳು. ಹೊಸ ಮೇಲ್ವಿಚಾರಕಿ ಖಾನೆ ಖಾಲಿ ಮಾಡಲು ಅವಳನ್ನೇ ಕರೆದಳು.

ಅವರು ಬಿಟ್ಟುಹೋದದ್ದು ಇಷ್ಟು: ಹಲ್ಲು ಮುರಿದ ಒಂದು ಬಾಚಣಿಗೆ, ಒಂದು ಜೋಡಿಯ ಎಡಗಾಲಿನ ಚಪ್ಪಲಿ, ಮಸಿ ಒಣಗಿದ ಮೂರು ಪೆನ್ನು, ಹೆಂಡತಿ ತರಲು ಹೇಳಿದ ಸಾಮಾನಿನ ಹಳೆಯ ಚೀಟಿ, ಅದರಲ್ಲಿ ಸೋಪಿಗೂ ಅವರು ಬರೆದ ಇನ್ನೂ ಉದ್ದದ ಇಂಗ್ಲಿಷ್ ಪರ್ಯಾಯ, ಮಡಿಕೆ ಬಿಚ್ಚಿದ ನಾಲ್ಕು ಸಾಲಿನ ಒಂದು ಅರ್ಜಿ, ಸಹಿಯ ಜಾಗ ಖಾಲಿ. ಆದರೆ ಅಂಚಿನ ತುಂಬ ಪೆನ್ಸಿಲಿನಲ್ಲಿ ಪದಗಳ ಸಾಲು: ಒಂದು ಬರೆದು, ಹೊಡೆದುಹಾಕಿ, ಅದಕ್ಕಿಂತ ಉದ್ದದ್ದು, ಅದಕ್ಕಿಂತಲೂ ಉದ್ದದ್ದು. ಒಟ್ಟು ಒಂಬತ್ತು. ಅವಳಿಗೆ ತಕ್ಕ ಪದವನ್ನು ಆ ಮನುಷ್ಯ ಗಡುವು ಮುಗಿದ ಮೇಲೂ ಹುಡುಕುತ್ತಲೇ ಇದ್ದರು.

ಮತ್ತು, ಏಳನೆಯ ವರ್ಷವೂ ದಿನಗೂಲಿಯಾಗಿಯೇ ಉಳಿದ ಒಬ್ಬ ಹೆಂಗಸು.