ಹೊಸ ಬಡಾವಣೆಯ ನನ್ನ ಓರಗಿತ್ತಿ

ನನ್ನ ಓರಗಿತ್ತಿ ಬಾಗಿಲು ದಾಟುವಾಗಲೆಲ್ಲ ಕತ್ತು ಬಗ್ಗಿಸುತ್ತಿದ್ದಳು. ನಮ್ಮ ಹಳೆಯ ಮನೆಯ ತೊಲೆ ಅಷ್ಟು ತಗ್ಗು, ಅವಳು ಅಷ್ಟು ಎತ್ತರ. ಆ ಉದ್ದ ಕತ್ತಿನಲ್ಲಿ ಒಂದೇ ಎಳೆ ಕರಿಮಣಿ. ಬಗ್ಗಿದಾಗ ಮುಂದಕ್ಕೆ ಜೋಲಿ ಹೊಡೆದು, ನೆಟ್ಟಗಾದಾಗ ಎದೆಗೆ ಬಂದು ಬೀಳುತ್ತಿತ್ತು. ಸೊಸೆಯಾಗಿ ಹೊಸೂರಿಗೆ ಬಂದ ದಿನ ನಾನು ಕಣ್ಣೆತ್ತಿ ಮೊದಲು ಕಂಡದ್ದು ಅದನ್ನೇ. ಕೃಷ್ಣಗಿರಿಯಿಂದ ಬಂದ ನಾನು ಗಿಡ್ಡಿ. ಸೇಸೆ ಹಾಕಲು ಬಂದ ಮುದುಕಿಯೊಬ್ಬಳು ನಮ್ಮಿಬ್ಬರನ್ನೂ ನೋಡಿ, "ದೊಡ್ಡದು ತೆಂಗು, ಚಿಕ್ಕದು ತುಂಬೆ" ಎಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಬಾಯಲ್ಲಿ ಅಕ್ಕ, ಹೊಟ್ಟೆಯಲ್ಲಿ ಕಿಚ್ಚು. ಅಂಗಡಿಯವರ ಜೊತೆ ತಮಿಳು, ನಮ್ಮ ಜೊತೆ ಕನ್ನಡ, ದನ ಮತ್ತು ಗಿಡಗಳ ಜೊತೆ ತೆಲುಗು ಮಾತಾಡುತ್ತಿದ್ದಳು. ಮೂರು ಭಾಷೆಯಲ್ಲೂ ಬೈಯುವುದೇ ಹೆಚ್ಚು. ಆದರೂ ಜನಕ್ಕೆ ಅವಳೇ ಬೇಕು. ನನ್ನ ಗಂಡನನ್ನು ಏನು ಕೇಳಿದರೂ "ಅತ್ತಿಗೇನ ಒಂದು ಮಾತು ಕೇಳು" ಎನ್ನುತ್ತಿದ್ದರು. ಸಾರಿಗೆ ಎಷ್ಟು ಉಪ್ಪು ಎಂಬುದರಿಂದ ಹಿಡಿದು ಮಗುವಿಗೆ ಯಾವಾಗ ಕಿವಿ ಚುಚ್ಚಿಸಬೇಕು ಎಂಬುದರವರೆಗೆ ಎಲ್ಲಕ್ಕೂ ಅತ್ತಿಗೆ.

ಆಗ ನಾವಿದ್ದದ್ದು ಹಳೆಯ ಪೇಟೆಯ ಒಂದು ಸಂದಿಯಲ್ಲಿ. ಒಂದು ಮನೆಯ ಗೋಡೆಯೇ ಪಕ್ಕದ ಮನೆಯ ಗೋಡೆ. ಎದುರುಮನೆಯವರು ಕೆಮ್ಮಿದರೆ ನಮ್ಮ ದೀಪ ಅಲುಗುತ್ತಿತ್ತು. ಇಲಿ ಬಿತ್ತೆಂದರೆ ಊರಿಗೆ ಊರೇ ಪ್ಲೇಗಿಗೆ ಹೆದರಿ ಬಯಲಿನ ಗುಡಿಸಲಿಗೆ ಓಡಬೇಕು. ನಾನು ಬರುವುದಕ್ಕೆ ಮೊದಲೇ ಅಕ್ಕನ ಹಿರಿಯ ಮಗಳು ಆ ಮನೆಯ ಕತ್ತಲೆಯ ಕೋಣೆಯಲ್ಲಿ ಪ್ಲೇಗಿನಿಂದ ತೀರಿಕೊಂಡಿದ್ದಳು. ಅದರ ಮಾತನ್ನು ಅಕ್ಕ ಎತ್ತುತ್ತಿರಲಿಲ್ಲ. ಅವಳಿಗೆ ಉಳಿದವನು ಒಬ್ಬನೇ ಮಗ.

ಯುದ್ಧದ ಕಾಲದಲ್ಲಿ ಪಂಚಾಯಿತಿ ಬೋರ್ಡಿನವರು ಊರಾಚೆಯ ರಾಗಿ ಹೊಲಗಳನ್ನು ಕೊಂಡು, ಗೂಟ ಹೊಡೆದು, ಹೊಸ ಬಡಾವಣೆ ಮಾಡಿದರು. ನನ್ನ ಭಾವನೂ ಗಂಡನೂ ಪಾಲಾಗಿ ಅಕ್ಕಪಕ್ಕದ ಎರಡು ಸೈಟು ಹಿಡಿದರು. ಸೈಟಿನ ಜೊತೆಗೆ ಕಟ್ಟಳೆಗಳೂ ಬಂದವು. ಬೀದಿಯ ಕಡೆ ಹತ್ತಡಿ ಜಾಗ ಬಿಡಬೇಕು, ಎರಡು ಪಕ್ಕದಲ್ಲೂ ಐದೈದು ಅಡಿ. ಮುಂದೆ ಗೋಡೆ ಕೂಡದು, ಸೊಂಟದ ಮಟ್ಟದ ಬೇಲಿ ಮಾತ್ರ. ದನದ ಕೊಟ್ಟಿಗೆ ಹಿತ್ತಲಿಗೆ. ಬೀದಿಯಂಚಿಗೆ ಮನೆಯವರೇ ಹೊಂಗೆಯನ್ನೋ ಬೇವನ್ನೋ ನೆಟ್ಟು ಸಾಕಬೇಕು. ತಮಿಳಿನಲ್ಲಿದ್ದ ಆ ಕಾಗದವನ್ನು ನನ್ನ ಗಂಡ ಓದಿ ಹೇಳಿದಾಗ ಮಾವ, "ದುಡ್ಡು ಕೊಟ್ಟು ತಗೊಂಡ ಜಾಗ ಗಾಳಿಗೆ ಬಿಡೋದಾ?" ಎಂದು ಗೊಣಗಿದರು. ಅಕ್ಕ ಮಾತ್ರ, "ಇನ್ನೊಂದು ಸಲ ಓದಯ್ಯ" ಎಂದಳು.

ಅಂದಿನಿಂದ ಆ ಕಟ್ಟಳೆಗಳೆಲ್ಲ ಅವಳದೇ ಆಗಿಬಿಟ್ಟವು. ಬೋರ್ಡಿನ ಓವರ್‌ಸಿಯರು ತಿಂಗಳಿಗೊಮ್ಮೆ ಬಂದರೆ ಇವಳು ದಿನಾ ಬೀದಿ ಸುತ್ತುತ್ತಿದ್ದಳು. ಯಾರಾದರೂ ಪಾಯ ಒಂದು ಗೇಣು ಮುಂದಕ್ಕೆ ಎಳೆದರೆ ಸೊಂಟಕ್ಕೆ ಕೈಯಿಟ್ಟು ನಿಂತು, "ಏನ್ಲಾ, ಬೀದಿ ನಿಮ್ಮಪ್ಪಂದಾ?" ಎನ್ನುವಳು. ಕಟ್ಟುವವನು ಹಲ್ಲು ಕಿರಿದು ಕಲ್ಲು ಹಿಂದಕ್ಕೆ ಸರಿಸುವನು.

ಗಿಡದ ವಿಷಯದಲ್ಲಾದರೂ ನಾನೇ ಮೇಲು ಎಂದುಕೊಂಡಿದ್ದೆ. ನಮ್ಮ ತವರಿನದು ಮಾವಿನ ತೋಪು. ಕೃಷ್ಣಗಿರಿಯಿಂದ ಒಳ್ಳೆಯ ಜಾತಿಯ ಕಸಿ ಸಸಿ ತಂದು ಮನೆಯ ಮುಂದೆಯೇ ನೆಟ್ಟೆ. ಮಾರನೆಯ ದಿನ ಅಕ್ಕ ಬಂದು ನೋಡಿ, "ಹಣ್ಣಿನ ಗಿಡ ಬೀದಿಗೆ ಬೇಡ ಕಣಮ್ಮಿ. ಹುಡುಗ್ರು ಕಲ್ಲು ಬೀರ್ತಾರೆ, ದಾರೀಲಿ ಹೋಗೋರ ತಲೆ ಒಡೀತದೆ. ಹಿತ್ತಲಿಗೆ ಹಾಕು" ಎಂದಳು. ಆ ವಾರ ಬಂದ ಓವರ್‌ಸಿಯರೂ ಅದನ್ನೇ ಹೇಳಿದ. ಸಸಿ ಹಿತ್ತಲಿಗೆ ಹೋಯಿತು. ಅವಳ ಮುಂದಿನ ಹತ್ತಡಿಯಲ್ಲಿ ಗೋರಂಟಿಯ ಬೇಲಿ, ಬೇಲಿಯೊಳಗೆ ಕಾಕಡ, ಕನಕಾಂಬರ, ಮೂಲೆಗೊಂದು ದಾಸವಾಳ. ಬೇಲಿ ಎಷ್ಟು ಒಪ್ಪವಾಗಿತ್ತೆಂದರೆ ಮೇಲೆ ಸೀರೆ ಹರವಿದರೆ ಒಂದು ಮಡಿಕೆ ಬೀಳುತ್ತಿರಲಿಲ್ಲ. ಅದೇ ಗೋರಂಟಿ ನನ್ನ ಕೈಯಲ್ಲಿ ಹಲ್ಲುದುರಿದ ಬಾಯಿಯಂತೆ ಬೆಳೆಯಿತು.

ಬಡಾವಣೆ ನೋಡಲು ಸಬ್ ಕಲೆಕ್ಟರ್ ದೊರೆ ಬರುತ್ತಾನೆಂದು ಸುದ್ದಿಯಾಯಿತು. ನಾನು ಜಗಲಿಗೆ ಹೊಸದಾಗಿ ಕೆಮ್ಮಣ್ಣು ಸಾರಿಸಿ, ಪೆಟ್ಟಿಗೆಯಲ್ಲಿದ್ದ ಧರ್ಮಾವರದ ಸೀರೆ ಉಟ್ಟು ಕಾದೆ. ದೊರೆಯ ಮೋಟಾರು ನನ್ನ ಮನೆ ದಾಟಿ ಅವಳ ಬೇಲಿಯ ಮುಂದೆ ನಿಂತಿತು. ಅಕ್ಕ ನೂಲು ಸೀರೆಯಲ್ಲಿಯೇ, ಕೈಯಲ್ಲಿದ್ದ ಕುಡುಗೋಲು ಕೂಡ ಕೆಳಗಿಡದೆ ಹೊರಗೆ ಬಂದಳು. ದೊರೆಗಿಂತ ಅವಳೇ ನಾಲ್ಕು ಬೆರಳು ಎತ್ತರ. ಅವನು ಏನೋ ಕೇಳಿದ. ಜೊತೆಗಿದ್ದ ಗುಮಾಸ್ತ ತಮಿಳಿನಲ್ಲಿ ಹೇಳಿದ. ಅದಕ್ಕೆ ಅಕ್ಕ ಕನ್ನಡದಲ್ಲೇ, "ಎಲ್ಲಾ ಸರಿ ಐತೆ ಸ್ವಾಮಿ. ಚರಂಡಿ ಮಾತ್ರ ಆ ಕಡೆ ಎತ್ತರ ಮಾಡವ್ರೆ, ನೀರು ಹೋಗಲ್ಲ. ಅದನ್ನ ನೋಡಿ" ಎಂದಳು. ದೊರೆ ನಕ್ಕು, ಅವಳ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದ. ಮುಂದೆ ಸೈಟು ತೆಗೆದುಕೊಂಡವರಿಗೆಲ್ಲ ಬೋರ್ಡಿನವರು, "ಮೊದಲು ಹೋಗಿ ಆಯಮ್ಮನ ಮನೆ ನೋಡ್ಕೊಂಡು ಬನ್ನಿ" ಎನ್ನತೊಡಗಿದರು. ಬಂದವರೆಲ್ಲ ದಾರಿ ತಪ್ಪಿ ಮೊದಲು ನನ್ನ ಬಾಗಿಲು ತಟ್ಟುತ್ತಿದ್ದರು. "ಇದಲ್ಲ, ಪಕ್ಕದ್ದು" ಎಂದು ಹೇಳಿ ಹೇಳಿ ನನ್ನ ಬಾಯಿ ಕಹಿಯಾಯಿತು.

ಇಷ್ಟನ್ನೂ ನುಂಗಿಕೊಂಡೇನು. ಆದರೆ ಅಷ್ಟರಲ್ಲಿ ನನ್ನ ಅಪ್ಪ ತೀರಿಕೊಂಡು ಅವ್ವ ಒಂಟಿಯಾದಳು. ನಾನು ಒಬ್ಬಳೇ ಮಗಳು, ಕರೆತರಲೇಬೇಕು. ನಮ್ಮ ಮನೆಯಲ್ಲಿ ಮಾವ ಇದ್ದರು. ಬೀಗರ ಎದುರಿಗೆ ಅವ್ವ ತಲೆಯ ಮೇಲಿನ ಸೆರಗು ತೆಗೆಯುವವಳಲ್ಲ. ಅವರು ನಡುಮನೆಯಲ್ಲಿ ಕೂತರೆ ಇವಳು ಒಲೆಯ ಮೂಲೆಯಲ್ಲೇ ಮುದುರಿಕೊಳ್ಳಬೇಕು. ಅವಳಿಗೊಂದು ಬೇರೆ ಕೋಣೆ ಬೇಕಿತ್ತು. ಹಿತ್ತಲಲ್ಲಿ ಬಾವಿ, ಕೊಟ್ಟಿಗೆ. ಆಚೆ ಪಕ್ಕದ ಐದಡಿ ದನ ಹೋಗುವ ದಾರಿ. ಉಳಿದದ್ದು ಎರಡು ಮನೆಗಳ ನಡುವಿನ ಸಂದಿಯಲ್ಲಿ ನನ್ನ ಪಾಲಿನ ಐದಡಿ. ಓವರ್‌ಸಿಯರು ತಲೆ ಕೆರೆದುಕೊಂಡು, "ಪಕ್ಕದ ಮನೆಯವರು ಒಪ್ಪಿದರೆ ನೋಡೋಣ" ಎಂದ.

ಅಕ್ಕ ಒಪ್ಪಲಿಲ್ಲ.

"ನನ್ನ ಜಾಗದಲ್ಲಿ ನಾನು ಕಟ್ಕೊತೀನಿ. ನಿನಗೇನಕ್ಕ ನೋವು?" ಎಂದೆ.

"ನೀನು ಇವತ್ತು ಕಟ್ತೀಯ. ನಾಳೆ ಆ ಕಡೆಯೋನು ಕಟ್ತಾನೆ. ನಾಡಿದ್ದು ಹಳೇ ಪೇಟೆನೇ ಎದ್ದು ಇಲ್ಲಿಗೆ ಬಂದ್ಬುಡ್ತದೆ."

"ನಮ್ಮವ್ವ ಎಲ್ಲಿ ಮಲಗ್ಬೇಕು?"

ಅವಳು ನನ್ನನ್ನೇ ನೋಡಿದಳು. ಮೊದಲ ಸಲ ಅವಳ ದನಿ ತಗ್ಗಿತು. "ನನ್ನ ಕೂಸು ಉಸಿರು ಸಿಗ್ದೆ ಸಾಯೋದನ್ನ ನಾನು ನೋಡಿವ್ನಿ ಕಣಮ್ಮಿ. ಒಂದು ಕಿಟಕಿ ಇರ್ಲಿಲ್ಲ. ಈ ಸಂದು ನಾನು ಮುಚ್ಚಕ್ಕೆ ಬಿಡಲ್ಲ." ಆಮೇಲೆ ಏನೂ ಆಗದವಳಂತೆ, "ನಿಮ್ಮವ್ವನ್ನ ಕರ್ಕೊಂಬಾ. ಮಗ ಸೇಲಂಗೆ ಓದಕ್ಕೆ ಹೋದ್ಮೇಲೆ ಬೀದಿ ಕಡೆ ಕೋಣೆ ಖಾಲಿ ಬಿದ್ದದೆ" ಎಂದಳು.

ಬೇರೆ ದಾರಿಯಿರಲಿಲ್ಲ. ನನ್ನ ಹೆತ್ತವ್ವ ನನ್ನ ಓರಗಿತ್ತಿಯ ಮನೆ ಸೇರಿದಳು.

ಸಂದಿಯ ಆ ಕಡೆಗೆ ಅವಳ ಕಿಟಕಿ, ಈ ಕಡೆಗೆ ನನ್ನ ಕಿಟಕಿ. ಗಾಳಿಯ ಜೊತೆ ಮಾತೂ ಬರುತ್ತಿತ್ತು. ಮೊದಲು ಅವ್ವನ ಅಳು ಕೇಳಿಸಿತು, ಆಮೇಲೆ ಮಾತು, ಆಮೇಲೆ ನಗು. ಅಪ್ಪ ಸತ್ತ ಮೇಲೆ ಅವ್ವ ನಕ್ಕದ್ದನ್ನು ನಾನು ಮೊದಲು ಕೇಳಿದ್ದು ಆ ಕಿಟಕಿಯಿಂದ. ನಾನು ಬಸ್ಸಾರು ಕಳಿಸಿದರೆ, "ಇಲ್ಲೇ ಉಂಡ್ಕಂಡೆ, ಮಕ್ಕಳಿಗೆ ಹಾಕು" ಎಂದು ಪಾತ್ರೆ ವಾಪಸು ಬರುತ್ತಿತ್ತು. ಬದುಕಿನಲ್ಲಿ ತೆಲುಗು ಆಡದ ಅವ್ವ ಕನಕಾಂಬರಕ್ಕೆ ತೆಲುಗಿನಲ್ಲಿ ಗದರತೊಡಗಿದಳು. ಸಂಜೆ ಅಕ್ಕ ಅವಳ ತಲೆ ಬಾಚಿ ಪುಟ್ಟ ಗಂಟು ಹಾಕುವುದನ್ನು ಬೀದಿಯೇ ನೋಡುತ್ತಿತ್ತು. ಗಂಡನನ್ನು ಕಸಿದಳು ಎಂದು ಯಾರಾದರೂ ದೂರಬಹುದು. ಅವ್ವನನ್ನು ಕಸಿದಳೆಂದು ಯಾವ ಪಂಚಾಯಿತಿಗೆ ಹೋಗಿ ಹೇಳಲಿ?

ಒಂದು ದಿನ ತಡೆಯಲಾಗದೆ ಹೋಗಿ ಕೇಳಿಯೇಬಿಟ್ಟೆ. ಅಕ್ಕ ಅವ್ವನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ನಿಮ್ಮವ್ವನ್ನ ನಾನೇನು ಗೂಟಕ್ಕೆ ಕಟ್ಟಿವ್ನಾ? ಬಾ, ಕೂತ್ಕೋ, ನೀನೂ ಸುಲಿ" ಎಂದು ಮೊರವನ್ನು ನನ್ನ ಕಡೆಗೆ ತಳ್ಳಿದಳು. ಅವ್ವ ತಲೆಯೆತ್ತಲಿಲ್ಲ. ನಾನು ಕೂರದೆ ಬಂದುಬಿಟ್ಟೆ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಅಕ್ಕ ಜ್ವರವೆಂದು ಮಲಗಿದವಳು ಏಳಲಿಲ್ಲ. ವಿಷಮಶೀತ ಜ್ವರ. ಆ ಎತ್ತರಕ್ಕೆ ಚಾಪೆ ಸಾಲದೆ ಕಾಲು ನೆಲದ ಮೇಲಿದ್ದವು. ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದವಳು ನಾನು. ಏನಾದರೂ ಹೇಳುತ್ತಾಳೆಂದು ಕಾದೆ. "ನಿನ್ನ ಬೇಲಿ ಎದೆ ಮಟ್ಟ ಬಂದದೆ ಕಣಮ್ಮಿ. ಕತ್ತರ್ಸು" ಎಂದಳು. ಅಷ್ಟೇ.

ಅವಳನ್ನು ಎತ್ತಿದ ದಿನ ಬೀದಿ ತುಂಬಿತ್ತು. ಅವಳಿಂದ ಬೈಸಿಕೊಂಡು ಪಾಯ ಹಿಂದಕ್ಕೆಳೆದ ಗಂಡಸರು ನಾನು ಮುಂದು ತಾನು ಮುಂದು ಎಂದು ಚಟ್ಟಕ್ಕೆ ಹೆಗಲು ಕೊಟ್ಟರು. ನಾನು ಸತ್ತರೆ ಇದರ ಅರ್ಧವಾದರೂ ಬರುತ್ತಾರೆಯೇ ಎಂದು ಅಂಥ ಹೊತ್ತಿನಲ್ಲೂ ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು.

ಅಷ್ಟರಲ್ಲಿ ಮಾವನೂ ಇರಲಿಲ್ಲ. ಅವ್ವ ಕಡೆಗೂ ನನ್ನ ಮನೆಗೆ ಬಂದಳು. ಬಂದು ಏನು? ಮುದ್ದೆ ಮುರಿದು, "ಅವಳು ಇನ್ನೊಂದಿಷ್ಟು ಮೆತ್ತಗೆ ಮಾಡೋಳು" ಎನ್ನುವಳು. ಹಾಸಿಗೆ ಹಾಸಿದರೆ, "ಅವಳು ಕಿಟಕಿ ಹತ್ರ ಹಾಸೋಳು" ಎನ್ನುವಳು. ಬದುಕಿದ್ದವಳ ಜೊತೆಯಾದರೂ ಜಗಳ ಆಡಬಹುದಿತ್ತು. ನಾನು ಮುದ್ದೆ ಮೆತ್ತಗೆ ಮಾಡಿದೆ, ಹಾಸಿಗೆಯನ್ನು ಕಿಟಕಿಯ ಹತ್ತಿರಕ್ಕೆ ಎಳೆದೆ.

ಬರಬರುತ್ತಾ ಅವ್ವನ ಕಣ್ಣಿನ ಪೊರೆ ಬಲಿತು ಬೆಳಕು ಮಾತ್ರ ಕಾಣುವಂತಾಯಿತು. ಸತ್ತವರು ಯಾರು, ಇದ್ದವರು ಯಾರು ಎಂಬುದೂ ಕಲಸಿಹೋಗತೊಡಗಿತು. ಒಂದು ಮಧ್ಯಾಹ್ನ ಜಗಲಿಯ ಮೇಲೆ ಅವಳನ್ನು ಕೂರಿಸಿಕೊಂಡು ತಲೆಗೆ ಹರಳೆಣ್ಣೆ ತಟ್ಟುತ್ತಿದ್ದೆ. ನಾನು ಮಾತಾಡಿರಲಿಲ್ಲ. ಅವ್ವ ದನಿ ತಗ್ಗಿಸಿ, "ನನ್ನ ಮಗ್ಳು ಇಲ್ಲೆಲ್ಲಾದ್ರೂ ಅವ್ಳಾ?" ಎಂದು ಕೇಳಿದಳು.

ಅವಳು ನನ್ನನ್ನು ಅಕ್ಕ ಎಂದುಕೊಂಡಿದ್ದಾಳೆಂದು ತಿಳಿಯಿತು. "ಇಲ್ಲ" ಎಂದೆ.

"ಅವ್ಳಿಗೆ ಹೊಟ್ಟೆಕಿಚ್ಚು ಜಾಸ್ತಿ. ಚಿಕ್ಕೋಳಾಗಿದ್ದಾಗ್ನಿಂದ ಹಂಗೇ. ನೀನು ಮನಸ್ಸಿಗೆ ಹಾಕ್ಕೋಬೇಡ ತಾಯಿ. ನಾನು ಹೋದ್ಮೇಲೆ ಅವ್ಳಿಗೆ ತನ್ನೋರು ಅಂತ ಯಾರವ್ರೆ? ನೀನು ಅವಳ ಕೈ ಬಿಡ್ಬೇಡ."

ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು. ಅವ್ವ ಉತ್ತರಕ್ಕಾಗಿ ಕತ್ತು ವಾಲಿಸಿ ಕಾಯುತ್ತಿದ್ದಳು.

"ಬಿಡಲ್ಲ ಬುಡಮ್ಮ" ಎಂದೆ.

ಅವ್ವ ನಿಟ್ಟುಸಿರಿಟ್ಟು, ಎಣ್ಣೆ ತಲೆಯನ್ನು ನನ್ನ ಮಡಿಲಿಗೆ ಒರಗಿಸಿದಳು.