ಯತ್ತಪ್ಪ ಭಾವ ಆರಿಸಿದ ಕಾಲೇಜು

ನನ್ನ ಅಕ್ಕ ಪಾತಮ್ಮನ ಗಂಡ ಯತ್ತಪ್ಪ ಸತ್ತು ಎರಡು ವರ್ಷವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಇಟ್ಟುಕೊಂಡಿದ್ದೇನೆ. ಬೆಂಗಳೂರಿನ ದೊಡ್ಡ ಮೆಡಿಕಲ್ ಕಾಲೇಜಿನಲ್ಲೇ ಸೀಟು ಸಿಗುವಷ್ಟು ಒಳ್ಳೆಯ ರ‍್ಯಾಂಕ್ ಬಂದಿದ್ದ ಮಗಳನ್ನು, ಸಂತೆಯ ದಿನ ಬಿಟ್ಟರೆ ನಾಯಿಯೂ ಓಡಾಡದ ಒಂದು ಸಣ್ಣ ಊರಿನ ಕಾಲೇಜಿಗೆ ಹಾಕಿದವನು ಅವನು. ಅದಕ್ಕೆ ಅವನು ಕೊಟ್ಟ ಕಾರಣ ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ.

ಭಾವ ಕಿಲಾರಿ. ದೇವಸಮುದ್ರದ ಕಡೆ ನಮ್ಮ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ದನಗಳನ್ನು ಕಾಯುವವನನ್ನು ಹಾಗೆ ಕರೆಯುತ್ತೇವೆ. ಆ ದನಗಳ ಹಾಲು ಮಾರುವಂತಿಲ್ಲ, ಅವನ್ನು ನೇಗಿಲಿಗೆ ಕಟ್ಟುವಂತಿಲ್ಲ. ಕಾಯುವವನು ಹೆರಿಗೆಯಾದ ಮನೆ, ಸಾವಾದ ಮನೆ ತುಳಿಯುವಂತಿಲ್ಲ. ತುಳಿಯಲೇಬೇಕಾದರೆ ದನಗಳನ್ನು ಮನೆಯ ಇನ್ನೊಬ್ಬ ಗಂಡಸಿಗೆ ಒಪ್ಪಿಸಿ ಹೋಗಬೇಕು. ಭಾವನಿಗೆ ಅಣ್ಣತಮ್ಮಂದಿರಿಲ್ಲ, ಗಂಡುಮಕ್ಕಳಿಲ್ಲ; ಆ ಲೆಕ್ಕಕ್ಕೆ ಬರುವವನು ಹೆಂಡತಿಯ ತಮ್ಮ ನಾನೊಬ್ಬನೇ. ಹೆತ್ತ ತಾಯಿ ಸತ್ತಾಗ ನಾನಿನ್ನೂ ಚಿಕ್ಕ ಹುಡುಗ; ಅವನು ದೂರದಲ್ಲಿ, ಜಾಲಿ ಬೇಲಿಯ ಆಚೆ ನಿಂತು ಅತ್ತ.

ಆಸ್ಪತ್ರೆ ಎಂದರೆ ದಿನಾ ಹುಟ್ಟು, ದಿನಾ ಸಾವು. ಅದರ ಗೇಟಿನೊಳಗೆ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅಂಥವನ ಮಗಳು ಸ್ವಪ್ನ ಡಾಕ್ಟರು ಓದಲು ಹೊರಟಳು.

ನಾನು ಓದಿದ್ದು ಆರನೇ ಕ್ಲಾಸು. ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಲಗೇಜ್ ಆಟೋ ಓಡಿಸುತ್ತೇನೆ. ಸ್ವಪ್ನ ಪಿಯುಸಿ ಮುಗಿಸಿದ್ದು ನನ್ನ ಮನೆಯಲ್ಲಿದ್ದುಕೊಂಡು. ಕಾಲೇಜುಗಳ ಹೆಸರನ್ನು ನಮಗೆ ಬೇಕಾದ ಕ್ರಮದಲ್ಲಿ ಕಂಪ್ಯೂಟರಿನಲ್ಲಿ ತುಂಬಬೇಕು, ಮೇಲೆ ಬರೆದದ್ದನ್ನು ಮೊದಲು ನೋಡುತ್ತಾರೆ ಎಂದು ಅವಳೇ ನನಗೆ ತಿಳಿಸಿಹೇಳಿದ್ದಳು. ಬೆಂಗಳೂರು ಮೇಲೆ ಬರೆಯುವುದೆಂದು ನಾನು, ಅವಳು ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಭಾವ, "ಹತ್ರದ್ದು ಒಂದು ನೋಡ್ಕೊಂಡು ಬರಾನ" ಎಂದ. ದನಗಳನ್ನು ದೊಡ್ಡಿಯಲ್ಲೇ ಕೂಡಿ, ಒಂದು ಹಗಲಿನ ಮಟ್ಟಿಗೆ ಮೇವು ಹಾಕಲು ಮುದುಕ ಚಿಕ್ಕೀರಪ್ಪನನ್ನು ಕೂರಿಸಿ ಹೊರಟ. ಎರಡು ಬಸ್ಸು ಬದಲಿಸಿ ಆ ಸಣ್ಣ ಊರಿಗೆ ಹೋದೆವು.

ಅಲ್ಲಿ ಭಾವ ಕಾಲೇಜಿನೊಳಗೆ ಬರಲೇ ಇಲ್ಲ. ಕಾಂಪೌಂಡ್ ಗೋಡೆಯ ಸುತ್ತ ನಡೆಯತೊಡಗಿದ.

"ಏನ್ ಯಜಮಾನ್ರೇ, ಆಗ್ಲಿಂದ ಸುತ್ತು ಹಾಕ್ತಿದೀರಾ. ಸೈಟ್ ಅಳೀತೀರಾ?" ಎಂದ ವಾಚ್‌ಮನ್.

"ಆಸ್ಪತ್ರೆ ಬಾಗ್ಲು ಯಾವ್ದುರಿ?"

"ಆಸ್ಪತ್ರೆ ಊರೊಳಗೈತೆ. ಇಲ್ಲಿ ಬರೀ ಪಾಠ, ಹಾಸ್ಟೆಲ್ಲು."

ಭಾವನ ಮುಖ ಅರಳಿತು. ನನಗೆ ಉರಿಯಿತು. "ಇಲ್ಲೂ ಹೆಣ ಕುಯ್ಯೋದು ಕಲಿಸ್ತಾರೆ ಭಾವ. ಅದು ಸೂತಕ ಅಲ್ವಾ?"

ಅವನು ಪಕ್ಕದ ಗೇಟಿನ ಕಡೆ ಕೈ ತೋರಿಸಿದ. "ಹಾಸ್ಟೆಲ್ ಗೇಟು ಬ್ಯಾರೆ ಐತಲ್ಲ."

"ಮಗಳು ಡಾಕ್ಟ್ರಾಗಾದು ನೋಡ್ತೀಯಾ, ಗೇಟು ನೋಡ್ತೀಯಾ?"

"ಬೆಂಗಳೂರಾಗೆ ಎಲ್ಲಾ ಒಂದೇ ಗೇಟಂತೆ ಕಣ್ಲೇ ಕಾಟಪ್ಪ. ಅಲ್ಲಿಗೆ ಹಾಕಿದ್ರೆ ನಾನು ಇವಳ ಮುಖ ನೋಡೋದೆಂಗೆ?"

"ರಜಕ್ಕೆ ಬರ್ತಾಳೆ."

"ರಜಕ್ಕೆ ಬಂದ್ರೆ ನೀನು ಬಿಡ್ತೀಯಾ? ಚಳ್ಳಕೆರೆಗೆ ಎತ್ತಾಕ್ಕೊಂಡು ಹೋಗ್ತೀಯ."

ವಾಚ್‌ಮನ್ ನಕ್ಕ. ನಾನು ಅವನಿಗೂ ಎರಡು ಬೈದೆ. ಸ್ವಪ್ನ ನನ್ನ ತೋಳು ಹಿಡಿದು, "ಮಾವ, ಕಿರುಚಬ್ಯಾಡ. ಎಲ್ಲಾ ಕಡೆನೂ ಅವೇ ಪುಸ್ತಕ" ಎಂದಳು.

ಮರುದಿನ ಚಳ್ಳಕೆರೆಯ ಸೈಬರ್ ಅಂಗಡಿಯಲ್ಲಿ ಅವಳು ಆ ಊರಿನ ಹೆಸರನ್ನೇ ಎಲ್ಲಕ್ಕಿಂತ ಮೇಲೆ ಹಾಕಿದಳು. ಹಾಕಿ, ಬಹಳ ಹೊತ್ತು ಸ್ಕ್ರೀನ್ ನೋಡುತ್ತ ಕೂತಳು. ಅವತ್ತಿನಿಂದ ನಾನು ಭಾವನ ಜೊತೆ ಮಾತು ಬಿಟ್ಟೆ.

ತಿಂಗಳಿಗೊಮ್ಮೆ ಅವನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದನಂತೆ. ಹಾಸ್ಟೆಲ್ ಎದುರಿನ ಮೋರಿ ಕಟ್ಟೆಯ ಮೇಲೆ ಅಪ್ಪ, ಮಗಳು ಕೂತು ತಿನ್ನುತ್ತಿದ್ದರಂತೆ. ಅವಳ ಗೆಳತಿಯರು ಬಂದು ಪಾಲು ಕೇಳುತ್ತಿದ್ದರಂತೆ. ಇದೆಲ್ಲ ನನಗೆ ಅಕ್ಕ ಹೇಳಿದ್ದು.

ಮೂರನೇ ವರ್ಷ ಒಂದು ಸಲ, ಬಸ್ ಸ್ಟ್ಯಾಂಡಿನಿಂದ ನಡೆದು ಬಂದ ಅಪ್ಪ ಏದುಸಿರು ಬಿಡುವುದನ್ನು ಸ್ವಪ್ನ ನೋಡಿದಳು. ಕಾಲು ಊದಿತ್ತು. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಆಸ್ಪತ್ರೆಗೆ ಬಾ ಎಂದು ಅವಳು ಅತ್ತಳು. ಭಾವ ಹೂಂ ಎಂದ. ಮಗಳು ಅತ್ತಳೆಂದೇ ಒಪ್ಪಿದ.

ಎರಡು ದಿನ ಬಿಟ್ಟು ಅವನು ಚಳ್ಳಕೆರೆ ಮಾರ್ಕೆಟ್ಟಿಗೆ ನನ್ನನ್ನು ಹುಡುಕಿಕೊಂಡು ಬಂದ. ನಾನು ಈರುಳ್ಳಿ ಚೀಲ ಏರಿಸುತ್ತಿದ್ದೆ.

"ಕಾಟಪ್ಪ, ಮೂರ್ ದಿನ ಬರ್ತೀಯಾ? ದನ ನೋಡ್ಕೊ. ಎದೆಯಾಗೆ ಏನೋ ಐತಂತೆ. ಸ್ವಪ್ನ ಒಳಕ್ಕೆ ಕರೀತಾಳೆ."

ಮೂರು ವರ್ಷದ ಸಿಟ್ಟು ಬಾಯಿಗೆ ಬಂತು. "ಆಸ್ಪತ್ರೆ ತುಳಿಯಲ್ಲ ಅಂತ ಆ ಹುಡುಗೀನ ಹಳ್ಳಿ ಕಾಲೇಜಿಗೆ ತಳ್ಳಿದೋನು ನೀನು. ಈಗ ತುಳಿಯಾಕೆ ನಾನು ಬೇಕಾ? ಹೋಗು, ನಿನ್ನ ದನ ನೀನೇ ಕಾಯಿ."

ಹಮಾಲರು ನಗಾಡಿದರು. ಭಾವ ಅವರ ಕಡೆ ನೋಡಲಿಲ್ಲ. "ಆಗ್ಲಿ ಬಿಡು. ಈರುಳ್ಳಿ ಮುಗಿದ್ಮ್ಯಾಲೆ ಬಾ. ಅವಸರ ಏನಿಲ್ಲ" ಎಂದು ಹೇಳಿ ಬಸ್ಸಿನ ಕಡೆ ನಡೆದ. ಎರಡು ಕಡೆ ನಿಂತು ಸುಧಾರಿಸಿಕೊಂಡದ್ದು ನನಗೆ ಕಾಣಿಸಿತು. ಕಾಣಿಸಿದರೂ ಕರೆಯಲಿಲ್ಲ.

ಅದಾದ ಒಂಬತ್ತನೇ ದಿನ, ಮಧ್ಯಾಹ್ನ, ಭಾವ ಮೇಯುವ ದನಗಳ ನಡುವೆ ಬಿದ್ದ. ಯಾರೋ ನೋಡುವಷ್ಟರಲ್ಲಿ ಮುಗಿದಿತ್ತು.

ತಿಥಿ ಮುಗಿದ ಮೇಲೆ ಸ್ವಪ್ನ ಬಂದು ನನ್ನ ಪಕ್ಕ ಕೂತಳು. "ಮಾವ, ಅಪ್ಪ ನಿನ್ನ ಕೇಳಾಕೆ ಬಂದಿದ್ನಾ?"

"ಬಂದಿದ್ದ."

"ಏನಂದೆ?"

ಊರೆಲ್ಲ ಕೇಳುವಂತೆ ಬೈಯುವ ನಾನು, "ನೀನು ಉಂಡ್ಯಾ?" ಎಂದೆ. ಅವಳು ಇನ್ನೊಮ್ಮೆ ಕೇಳಲಿಲ್ಲ. ಎದ್ದು ಅವ್ವನ ಹತ್ತಿರ ಹೋದಳು. ಈಗಲೂ ನನ್ನ ಮನೆಗೆ ಬರುತ್ತಾಳೆ, ಬಿಪಿ ನೋಡುತ್ತಾಳೆ, ಮಾತ್ರೆ ನುಂಗಿದೆನಾ ಎಂದು ಕೇಳುತ್ತಾಳೆ. ಆ ಮಾತು ಮಾತ್ರ ಎತ್ತುವುದಿಲ್ಲ.

ಹೋದ ತಿಂಗಳು ಹಟ್ಟಿಗೆ ಹೋಗಿ ಹೊಸ ಕಿಲಾರಿ ಬೊಮ್ಮಲಿಂಗಪ್ಪನನ್ನು ಕಂಡೆ. "ಮೂರ್ ದಿನ ನಾನು ಕಾಯ್ತೀನಿ, ನೀನು ಮನೇಲಿರು" ಎಂದೆ.

"ಯಾಕಣ್ಣಾ? ನಂಗೇನಾಗೈತೆ? ಗಟ್ಟಿಮುಟ್ಟಾಗಿದೀನಿ" ಎಂದು ಅವನು ನಕ್ಕ.

ಎಷ್ಟು ಹೇಳಿದರೂ ಒಪ್ಪಲಿಲ್ಲ. ವಾಪಸು ಬಂದೆ. ಭಾವ ಕೇಳಿದ ಆ ಮೂರು ದಿನ ಇನ್ನೂ ನನ್ನ ಮೇಲೇ ಇವೆ.